450 ವ್ಯಾಟ್ ಅಂದ್ರೆ ಯಾವ 450? ಕಂಪ್ಯೂಟರಿನ ಪವರ್ ಡಬ್ಬದ ಕಥೆ

ಫೋಟೋ 1: ಸುಟ್ಟ ಡಬ್ಬ

ಈ ಫೋಟೋದಲ್ಲಿ ಕಾಣ್ತಿರೋದು ನನ್ನ ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡೋ ಡಬ್ಬ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಅಂತ ಇತ್ತು.

ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡಿಗೆ ನಾನು ಟ್ಯೂಷನ್ ಹೇಳಿ ಕೂಡಿಟ್ಟಿದ್ದನ್ನ ಸೇರಿಸಿ ಕಂಪ್ಯೂಟರ್ ಕಟ್ಟಿದ್ದೆ. ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಟ್ಯಾಲಿ ಕಲಿಯೋಕೆ ಅಂತ ಅಮ್ಮನಿಗೆ ಹೇಳಿದ್ದೆ, ನಿಜ ನಿಮಗೂ ಗೊತ್ತು. ಕಾರ್ಡಿಗೆ ಎರಡು ತಿಂಗಳು ರಿವ್ಯೂ ನೋಡಿದೆ. ಎಸ್‌ಎಂಪಿಎಸ್‌ಗೆ ಐದು ನಿಮಿಷ ಕೊಡಲಿಲ್ಲ.

ಮೂರನೇ ವಾರದಿಂದ ಗೇಮ್ ಶುರು ಮಾಡಿದ್ರೆ ಸಾಕು, ರೀಸ್ಟಾರ್ಟ್. ಒಂದು ರಾತ್ರಿ ಟಪ್ ಅಂತ ಸದ್ದು, ಸುಟ್ಟ ವಾಸನೆ. ಮದರ್‌ಬೋರ್ಡ್ ಕೂಡ ಜೊತೆಗೇ ಹೋಯ್ತು.

ಕೋಪ ಬಂದಿದ್ದು ಅಂಗಡಿಯವರ ಮೇಲೆ. ಆಮೇಲೆ ಕೂತು ಲೇಬಲ್ ಓದಿದೆ. ಅದು ಸುಳ್ಳು ಹೇಳಿರಲಿಲ್ಲ. ಅದನ್ನ ಅರ್ಥ ಮಾಡ್ಕೊಳ್ಳೋಕೆ ಮಾತ್ರ 1977ಕ್ಕೆ ಹೋಗ್ಬೇಕಾಯ್ತು. ಬನ್ನಿ, ಸ್ವೈಪ್ ಮಾಡಿ.

ಫೋಟೋ 2: 1977, ಫ್ಯಾನ್ ಬೇಡ ಅಂದಾಗ

ಆಗ ಕರೆಂಟ್ ಇಳಿಸೋಕೆ ಸಾಮಾನ್ಯವಾಗಿ ಬಳಸ್ತಿದ್ದದ್ದು ಲೀನಿಯರ್ ಸಪ್ಲೈ. ದಪ್ಪ ಟ್ರಾನ್ಸ್‌ಫಾರ್ಮರ್, ಜಾಸ್ತಿಯಾದ ವೋಲ್ಟೇಜನ್ನ ಬಿಸಿ ಮಾಡಿ ಕಳೆಯೋದು. ಭಾರವೂ ಹೆಚ್ಚು, ಶಾಖವೂ ಹೆಚ್ಚು.

ಆಪಲ್ 2 ಕಂಪ್ಯೂಟರಿನಲ್ಲಿ ಫ್ಯಾನ್ ಸದ್ದು ಇರಬಾರದು ಅನ್ನೋದು ಸ್ಟೀವ್ ಜಾಬ್ಸ್ ಹಠ. ಎಂಜಿನಿಯರ್ ರಾಡ್ ಹೋಲ್ಟ್ ಅದಕ್ಕೆ ಸ್ವಿಚಿಂಗ್ ಸಪ್ಲೈ ಮಾಡಿಕೊಟ್ಟರು. ಕೆಲಸ ಹೀಗೆ: ಕರೆಂಟನ್ನ ಮೊದಲು ಡಿಸಿ ಮಾಡಿ, ಟ್ರಾನ್ಸಿಸ್ಟರಿನಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಮಾಡೋದು. ಅಷ್ಟು ವೇಗಕ್ಕೆ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ನಲ್ಲಿ ಪೂರ್ತಿ ಬಿಟ್ಟು ಅರ್ಧ ನೀರು ಚರಂಡಿಗೆ ಹರಿಸೋದರ ಬದಲು, ಬೇಕಾದಷ್ಟೇ ತಿರುಗಿಸಿ ಮುಚ್ಚಿದ ಹಾಗೆ. ಆ ಡಬ್ಬದ ಶಕ್ತಿ 38 ವ್ಯಾಟ್.

ಇದನ್ನ ಕಂಡುಹಿಡಿದಿದ್ದೇ ಆಪಲ್ ಅಂತ ಕೆಲವರು ಬರೀತಾರೆ. ತಪ್ಪು. ಉಪಗ್ರಹಗಳಲ್ಲಿ, ದೊಡ್ಡ ಕಂಪ್ಯೂಟರುಗಳಲ್ಲಿ ಅದಕ್ಕೂ ಮೊದಲೇ ಇತ್ತು. ವೇಗದ ಟ್ರಾನ್ಸಿಸ್ಟರುಗಳು ಅಗ್ಗವಾದ ಮೇಲೆ ಮನೆ ಮೇಜಿಗೂ ಬಂತು, ಅಷ್ಟೇ. ನಮ್ಮ ಅಂಗಡಿಗಳಲ್ಲಿ ಹೇಳೋ ಎಸ್‌ಎಂಪಿಎಸ್‌ನ ಮೊದಲ ಎರಡು ಪದ ಇದೇ: ಸ್ವಿಚ್ ಮೋಡ್.

ಫೋಟೋ 3: 1981, ಐಬಿಎಂ ಲೆಕ್ಕ

ಬಿಕಾಂ ಗೆಳೆಯರೇ, ಪೆನ್ ತಗೊಳ್ಳಿ. ಆಗಸ್ಟ್ 1981ರಲ್ಲಿ ಬಂದ ಐಬಿಎಂ ಪಿಸಿಯ ಸಪ್ಲೈ 63.5 ವ್ಯಾಟ್. ವೋಲ್ಟ್ ಇಂಟು ಆಂಪಿಯರ್ ಮಾಡಿದ್ರೆ ವ್ಯಾಟ್ ಬರುತ್ತೆ.

+5 ವೋಲ್ಟ್ × 7 ಆಂಪಿಯರ್ = 35
+12 ವೋಲ್ಟ್ × 2 = 24
−5 ವೋಲ್ಟ್ × 0.3 = 1.5
−12 ವೋಲ್ಟ್ × 0.25 = 3
ಒಟ್ಟು 63.5

ತಾಳೆ ಆಯ್ತಲ್ಲ? ಈಗ ದೊಡ್ಡ ಪಾಲು ಯಾರದ್ದು ನೋಡಿ: 5 ವೋಲ್ಟಿನದ್ದು. ಚಿಪ್ಪುಗಳು ಓಡ್ತಿದ್ದದ್ದು ಅದರಲ್ಲೇ. 12 ವೋಲ್ಟ್ ಮುಖ್ಯವಾಗಿ ಫ್ಲಾಪಿ ಡ್ರೈವ್ ಮೋಟಾರ್ ತಿರುಗಿಸೋಕೆ. ಈ ಪಾಲನ್ನ ನೆನಪಿಟ್ಕೊಳ್ಳಿ.

ಫೋಟೋ 4: 2000, ಪಾಲು ಬದಲಾಯ್ತು

1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ತಂತು. ಅದಕ್ಕೂ ಮೊದಲು ಮದರ್‌ಬೋರ್ಡಿಗೆ ಎರಡು ಕನೆಕ್ಟರ್. ಕಪ್ಪು ವೈರುಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು, ಅದಲು ಬದಲಾದ್ರೆ ಬೋರ್ಡ್ ಢಮಾರ್. ಎಟಿಎಕ್ಸ್ ಅದನ್ನ 20 ಪಿನ್ನಿನ ಒಂದೇ ಕನೆಕ್ಟರ್ ಮಾಡಿತು, 3.3 ವೋಲ್ಟ್ ಸೇರಿಸಿತು.

ಆದ್ರೆ ಪ್ರೊಸೆಸರುಗಳ ಹಸಿವು ಏರ್ತಾನೇ ಹೋಯ್ತು. 100 ವ್ಯಾಟನ್ನ 5 ವೋಲ್ಟಿನಲ್ಲಿ ಕೊಡೋಕೆ 20 ಆಂಪಿಯರ್ ಬೇಕು. 12 ವೋಲ್ಟಿನಲ್ಲಾದ್ರೆ 8.3 ಸಾಕು. ಆಂಪಿಯರ್ ಎರಡರಷ್ಟಾದ್ರೆ ವೈರಿನ ಬಿಸಿ ನಾಲ್ಕರಷ್ಟು. ಅದಕ್ಕೇ 2000ರಲ್ಲಿ, ಪೆಂಟಿಯಂ 4 ಕಾಲಕ್ಕೆ, ಪ್ರೊಸೆಸರಿಗೆ ಅಂತಲೇ 12 ವೋಲ್ಟಿನ ನಾಲ್ಕು ಪಿನ್ ಕನೆಕ್ಟರ್ ಬಂತು. ಅಲ್ಲಿಂದ ಮುಂದಕ್ಕೆ ಇಳಿಸಿಕೊಳ್ಳೋದು ಮದರ್‌ಬೋರ್ಡಿನ ಕೆಲಸ. ಗ್ರಾಫಿಕ್ಸ್ ಕಾರ್ಡ್ ಕೂಡ ಅದೇ ದಾರಿ ಹಿಡೀತು: 6 ಪಿನ್ನಿಗೆ 75 ವ್ಯಾಟ್, 8 ಪಿನ್ನಿಗೆ 150.

2022ರ ಆರ್‌ಟಿಎಕ್ಸ್ 4090 ಒಂದೇ ಕಾರ್ಡಿಗೆ 450 ವ್ಯಾಟ್. ಐಬಿಎಂ ಪಿಸಿಯ ಏಳು ಸಪ್ಲೈ ಒಟ್ಟಿಗೆ ಕೊಡೋದಕ್ಕಿಂತ ಜಾಸ್ತಿ!

ಫೋಟೋ 5: ನನ್ನ ಲೇಬಲ್

ಈಗ ಸುಟ್ಟ ಡಬ್ಬಕ್ಕೆ ಬರೋಣ. ಝೂಮ್ ಮಾಡಿ.

+3.3 ವೋಲ್ಟ್ × 20 = 66
+5 ವೋಲ್ಟ್ × 30 = 150
+12 ವೋಲ್ಟ್ × 18 = 216
−12 ವೋಲ್ಟ್ × 0.5 = 6
ಸ್ಟ್ಯಾಂಡ್‌ಬೈ 5 ವೋಲ್ಟ್ × 2.4 = 12
ಒಟ್ಟು 450

ಇದೂ ತಾಳೆ ಆಗುತ್ತೆ! ಆದ್ರೆ ಅರ್ಧಕ್ಕಿಂತ ಜಾಸ್ತಿ ಈಗ ಯಾರೂ ಅಷ್ಟಾಗಿ ಕೇಳದ ಸಾಲುಗಳಲ್ಲಿ ಕೂತಿದೆ. ನನ್ನ ಕಾರ್ಡಿಗೆ 170, ಪ್ರೊಸೆಸರಿಗೆ ಪೂರ್ತಿ ಹೊರೆಯಲ್ಲಿ 76. ಸೇರಿ 246, ಹೆಚ್ಚುಕಮ್ಮಿ ಎಲ್ಲಾ 12 ವೋಲ್ಟಿನಿಂದ. ಅಲ್ಲಿದ್ದದ್ದು 216. ಒಟ್ಟು ಆಸ್ತಿ ಸರಿಯಿದೆ, ಕೈಯಲ್ಲಿ ನಗದಿಲ್ಲ. ನಾವು ಕ್ಲಾಸಲ್ಲಿ ಓದಿದ್ದೇ ಅಲ್ವಾ ಇದು?

ಡಬ್ಬ ಎಚ್ಚರಿಕೆನೂ ಕೊಟ್ಟಿತ್ತು. ಕಾರ್ಡಿಗೆ ಬೇಕಾದ 8 ಪಿನ್ ಕನೆಕ್ಟರ್ ಅದರಲ್ಲಿ ಇರಲೇ ಇಲ್ಲ. ಜಾಣ ಅನ್ಕೊಂಡು ಕನ್ವರ್ಟರ್ ಕೇಬಲ್ ಸಿಕ್ಕಿಸಿದವನು ನಾನೇ.

ಫೋಟೋ 6: ಬಂಗಾರದ ಸ್ಟಿಕ್ಕರ್

80 ಪ್ಲಸ್ ಶುರುವಾಗಿದ್ದು 2004ರಲ್ಲಿ, ಅಮೆರಿಕದಲ್ಲಿ. 20, 50, 100 ಪರ್ಸೆಂಟ್ ಹೊರೆಯಲ್ಲಿ, ಗೋಡೆಯಿಂದ ಎಳೆದದ್ದರಲ್ಲಿ ಕನಿಷ್ಠ 80 ಪರ್ಸೆಂಟ್ ಕಂಪ್ಯೂಟರಿಗೆ ತಲುಪಬೇಕು ಅನ್ನೋ ಪರೀಕ್ಷೆ. ಬ್ರಾಂಜ್, ಸಿಲ್ವರ್, ಗೋಲ್ಡ್ ಬಂದಿದ್ದು 2008ರಲ್ಲಿ.

ಲೆಕ್ಕ ನೋಡಿ. 300 ವ್ಯಾಟ್ ಕೊಡೋಕೆ 80 ಪರ್ಸೆಂಟಿನ ಡಬ್ಬ 375 ಎಳೆಯುತ್ತೆ, 90ರದ್ದು 333. ದಿನಕ್ಕೆ 4 ಗಂಟೆ ಗೇಮ್ ಆಡಿದ್ರೆ ತಿಂಗಳಿಗೆ ಉಳಿಯೋದು ಸುಮಾರು 5 ಯೂನಿಟ್. ಬರೀ ಕರೆಂಟ್ ಬಿಲ್ ಉಳಿಸೋಕೆ ಅಂತ ಗೋಲ್ಡ್ ತಗೊಳ್ಬೇಡಿ. ಮತ್ತೆ, ಈ ಸ್ಟಿಕ್ಕರ್ ಹೇಳೋದು ಪೋಲಾಗೋದರ ಲೆಕ್ಕ ಮಾತ್ರ. ಹೊರೆ ಹೆಚ್ಚಾದಾಗ ತಾನೇ ಆಫ್ ಆಗಿ ಬೋರ್ಡ್ ಉಳಿಸುತ್ತಾ ಅನ್ನೋದನ್ನ ಹೇಳಲ್ಲ. ಅದನ್ನ ರಿವ್ಯೂನಲ್ಲಿ ಬೇರೆ ಹುಡುಕ್ಬೇಕು.

ಫೋಟೋ 7: ನೀವು ಹೀಗೆ ಮಾಡಿ

ಕಾರ್ಡಿನ ವ್ಯಾಟ್, ಪ್ರೊಸೆಸರಿನ ಗರಿಷ್ಠ ವ್ಯಾಟ್, ಉಳಿದದ್ದಕ್ಕೆ ಒಂದು 60. ನನಗೆ 306 ಬಂತು. ಕಾರ್ಡ್ ಗಳಿಗೆಗೊಮ್ಮೆ ಜಿಗಿಯುತ್ತೆ, ಹಾಗಾಗಿ ಮೇಲೆ ಜಾಗ ಬಿಡಿ. ಈಗ ತಗೊಂಡಿರೋದು 550 ವ್ಯಾಟಿನದ್ದು. ಅದರ 12 ವೋಲ್ಟ್ ಸಾಲು 45 ಆಂಪಿಯರ್, ಅಂದ್ರೆ 540. ದೊಡ್ಡದು ಹಾಕಿದ್ರೆ ಬಿಲ್ ಜಾಸ್ತಿ ಅನ್ನೋ ಭಯ ಬೇಡ, ಕಂಪ್ಯೂಟರ್ ಕೇಳಿದಷ್ಟೇ ಅದು ಎಳೆಯೋದು. ಕೆಟ್ಟ ಡಬ್ಬವನ್ನ ಮಾತ್ರ ಬಿಚ್ಚೋಕೆ ಹೋಗ್ಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ.

ಮದರ್‌ಬೋರ್ಡ್ ಸುಟ್ಟಿದ್ದನ್ನ ಅಮ್ಮನಿಗೆ ಹೇಳಿದೆ. ಬೈಯಲಿಲ್ಲ. "ಡಬ್ಬದ ಮೇಲೆ ಬರೆದಿರ್ಲಿಲ್ವೇನೋ?" ಅಂದ್ಲು.

ಬರೆದಿತ್ತು ಅಮ್ಮ. ದೊಡ್ಡಕ್ಷರ ಮಾತ್ರ ಓದಿದ್ದೆ.

ಇವತ್ತೇ ನಿಮ್ಮ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು 12 ವೋಲ್ಟಿನ ಸಾಲು ನೋಡಿ. ಅರ್ಥ ಆಗ್ಲಿಲ್ಲ ಅಂದ್ರೆ ಲೇಬಲ್ ಫೋಟೋ ಕಳಿಸಿ, ಒಟ್ಟಿಗೆ ಲೆಕ್ಕ ಹಾಕೋಣ.

#ಎಸ್‌ಎಂಪಿಎಸ್ #ಪಿಸಿಕಟ್ಟೋಣ #ಕಂಪ್ಯೂಟರ್‌ಇತಿಹಾಸ #ಕನ್ನಡದಲ್ಲಿಟೆಕ್