ವೀಲ್‌ಚೇರ್‌ ಸಮೇತ ಹತ್ತುವ ವ್ಯಾನ್‌: ಗ್ಯಾರೇಜ್‌ಗೆ ಹೋಗುವ ಮೊದಲು ಇದನ್ನು ನೋಡಿಕೊಳ್ಳಿ

ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್‌ನಲ್ಲಿ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿ ಬಸ್ಸುಗಳಿಗೆ ಮೆಟ್ಟಿಲುಗಳಿವೆ. ವೀಲ್‌ಚೇರ್‌ನಲ್ಲಿರುವವರನ್ನು ಆಸ್ಪತ್ರೆಗೆ ಒಯ್ಯಬೇಕೆಂದರೆ ಎತ್ತಿ ಕೂಡಿಸೋದೇ ಗತಿ. ಹೀಗಾಗಿ ಮನೆಯ ವ್ಯಾನ್‌ಗೆ ರ‍್ಯಾಂಪ್‌ ಹಾಕಿಸುವ ಯೋಚನೆ ಬರುತ್ತದೆ. ರ‍್ಯಾಂಪ್‌ ಮಾಡಿಕೊಡಲು ವೆಲ್ಡಿಂಗ್‌ ಅಂಗಡಿ ಸಾಕು. ಆದರೆ ಪ್ರಾಣ ಉಳಿಸುವುದು ಒಳಗಿನ ಬೆಲ್ಟ್‌, ತಕರಾರು ತಪ್ಪಿಸುವುದು ಆರ್‌ಸಿ.

ಮೊದಲು ಅಳತೆ

ವೀಲ್‌ಚೇರ್‌ನಲ್ಲಿ ಕೂತವರ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪ್‌ ಹಿಡಿದು ನೋಡಿ. ವ್ಯಾನ್‌ನ ಹಿಂಬಾಗಿಲು ಮತ್ತು ಒಳಗಿನ ಎತ್ತರ ಅದಕ್ಕಿಂತ ಹೆಚ್ಚಿರಬೇಕು. ಸಣ್ಣ ವ್ಯಾನ್‌ಗಳಲ್ಲಿ ತೊಡಕಾಗುವುದು ಇಲ್ಲೇ. ಕುರ್ಚಿಯ ಅಗಲವನ್ನೂ ಚಕ್ರದ ಹೊರಗಿನ ರಿಂಗ್‌ ಸೇರಿಸಿ ಅಳೆಯಿರಿ.

ರ‍್ಯಾಂಪ್‌ ಲೆಕ್ಕ

ಕಟ್ಟಡಗಳಿಗೆ ಹೇಳುವ ಇಳಿಜಾರು 1:12. ವ್ಯಾನ್‌ನ ನೆಲ 2 ಅಡಿ ಎತ್ತರವಿದ್ದರೆ 24 ಅಡಿ ರ‍್ಯಾಂಪ್‌ ಬೇಕಾಗುತ್ತದೆ, ಅದು ಆಗದ ಮಾತು. 6 ಅಡಿ ರ‍್ಯಾಂಪ್‌ ಹಾಕಿದರೆ, ವ್ಯಕ್ತಿ ಮತ್ತು ಕುರ್ಚಿ ಸೇರಿ 90 ಕೆ.ಜಿ. ಇದ್ದಾಗ ತಳ್ಳುವವರು ಸುಮಾರು 30 ಕೆ.ಜಿ. ಎತ್ತುವಷ್ಟು ಬಲ ಹಾಕಬೇಕು. ಒಬ್ಬರ ಕೈಯಲ್ಲಿ ಇದು ಕಷ್ಟ. ಇಬ್ಬರು ಬೇಕು, ಇಲ್ಲವೇ ಒಳಗೆ ವಿಂಚ್‌ ಹಾಕಿಸಬೇಕು. ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸಿ. ಮಳೆಗಾಲದಲ್ಲಿ ಎರೆಮಣ್ಣಿನ ಮೇಲೆ ರ‍್ಯಾಂಪ್‌ ಊರಿದರೆ ತುದಿ ಹೂತುಹೋಗುತ್ತದೆ. ಕಾಂಕ್ರೀಟ್‌ ಅಥವಾ ಫರ್ಸಿ ಇರುವಲ್ಲಿ ಗಾಡಿ ನಿಲ್ಲಿಸಿ.

ಹಗ್ಗ ಬೇಡ, ಬೆಲ್ಟ್‌ ಬೇಕು

ಕುರ್ಚಿಯ ಬ್ರೇಕ್‌ ನಂಬಿ ಗಾಡಿ ಓಡಿಸಬಾರದು. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಕಡೆ ವೀಲ್‌ಚೇರ್‌ಗೆಂದೇ ಮಾಡಿದ ಬೆಲ್ಟ್‌ಗಳಿಂದ ಕುರ್ಚಿಯನ್ನು ಬಿಗಿಯಬೇಕು. ಕೂತವರಿಗೆ ಬೇರೆಯೇ ಸೀಟ್‌ಬೆಲ್ಟ್‌ ಇರಬೇಕು. ಕುರ್ಚಿ ಅಡ್ಡಡ್ಡ ಇಡಬೇಡಿ, ಮುಖ ಮುಂದಕ್ಕಿರಲಿ. ಇಂಧನ ಟ್ಯಾಂಕ್‌, ಬ್ರೇಕ್‌ ಪೈಪ್‌, ಸಿಎನ್‌ಜಿ ಸಿಲಿಂಡರ್‌ ಎಲ್ಲಿವೆ ಎಂದು ನೋಡದೆ ನೆಲಕ್ಕೆ ಡ್ರಿಲ್‌ ಹಾಕಿಸಬೇಡಿ.

ಆರ್‌ಟಿಒ, ವಿಮೆ

‘ಏನೂ ಆಗಂಗಿಲ್ರಿ’ ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಆದರೆ ಅಂಗವಿಕಲರ ಬಳಕೆಗಾಗಿ ಮಾಡಿದ ಬದಲಾವಣೆಗೆ ನೋಂದಣಿ ಅಧಿಕಾರಿ ನಂತರ ಒಪ್ಪಿಗೆ ಕೊಡಲು 2019ರ ತಿದ್ದುಪಡಿ ದಾರಿ ಮಾಡಿದೆ. ಕೆಲಸ ಮುಗಿದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು. ಮೊದಲೇ ಆರ್‌ಟಿಒ ಇನ್‌ಸ್ಪೆಕ್ಟರ್‌ಗೆ ನಕ್ಷೆ ತೋರಿಸಿದರೆ ಒಳ್ಳೆಯದು. ಗಾಡಿ ಮೇಲೆ ಸಾಲವಿದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಪಡೆಯಿರಿ. ವಿಮೆ ಕಂಪನಿಗೂ ಬರೆದು ಕೊಡಿ, ಇಲ್ಲದಿದ್ದರೆ ಕ್ಲೇಮ್‌ ವೇಳೆ ತಕರಾರು ಬರಬಹುದು. ಆರ್‌ಸಿಯಲ್ಲಿ ದಾಖಲಾದ ಇಂಥ ವಾಹನಕ್ಕೆ ಸ್ವಂತ ಹಾನಿ ವಿಮೆಯ ಕಂತಿನಲ್ಲಿ ರಿಯಾಯಿತಿ ಉಂಟೇ ಎಂದೂ ಕೇಳಿ.

ಕಡಿಮೆ ಕೆಲಸದ ದಾರಿ

ಕುರ್ಚಿಯಿಂದ ಸೀಟಿಗೆ ಸರಿದು ಕೂರಲು ಆಗುವವರಿಗೆ ಹೊರಕ್ಕೆ ತಿರುಗುವ ಸೀಟು ಸಾಕಾಗಬಹುದು. ಬೆಂಗಳೂರಿನ ಟ್ರೂಅಸಿಸ್ಟ್‌ ಕಂಪನಿ ಜತೆ ಸೇರಿ ಮಾರುತಿ ಸುಜುಕಿ 2025ರ ಡಿಸೆಂಬರ್‌ನಲ್ಲಿ ವ್ಯಾಗನ್‌ಆರ್‌ಗೆ ಇಂಥ ಸೀಟು ತಂದಿದೆ. ನಮ್ಮ ಕಡೆ ಸಿಗುತ್ತದೆಯೇ ಎಂದು ಹುಬ್ಬಳ್ಳಿಯ ಡೀಲರ್‌ ಬಳಿ ವಿಚಾರಿಸಿ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 41ನೇ ಕಲಂ, ವಾಹನ ಮಾರ್ಪಾಡಿಗೆ ಸರ್ಕಾರ ಯೋಜನೆ ರೂಪಿಸಬೇಕು ಎನ್ನುತ್ತದೆ. ಯುಡಿಐಡಿ ಕಾರ್ಡ್‌ ಮತ್ತು ಸೌಲಭ್ಯಗಳ ಬಗ್ಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನು ಕೇಳಬಹುದು.