ಪೋರ್ಟ್‌ಲ್ಯಾಂಡ್ ಪದ ಆಯ್ತು, ಶಹಾಬಾದ್?

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಸಿಮೆಂಟ್ ಚೀಲ ಓದೋಣ. ಹೌದು, ಓದೋದೇ. ವಾಡಿ, ಸೇಡಂ ಕಡೆಯ ಫ್ಯಾಕ್ಟರಿಗಳಿಂದ ಹೊರಬೀಳುವ ಚೀಲಗಳ ಮೇಲೆ ‘ಪೋರ್ಟ್‌ಲ್ಯಾಂಡ್’ ಅನ್ನೋ ಪದ ಇರ್ತದ. ಸುಣ್ಣದ ಕಲ್ಲು ನಮ್ಮ ನೆಲದ್ದು. ಹೆಸರು ಎಲ್ಲಿಂದ ಬಂತು?

ಪೋರ್ಟ್‌ಲ್ಯಾಂಡ್ ಇಂಗ್ಲೆಂಡಿನ ದಕ್ಷಿಣ ತೀರದ ಒಂದು ಪುಟ್ಟ ದ್ವೀಪ. ಅಲ್ಲಿಯ ಕಲ್ಲಿಗೆ ದೊಡ್ಡ ಮರ್ಯಾದೆ; ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ್ದು ಅದರಿಂದಲೇ. 1824ರಲ್ಲಿ ಲೀಡ್ಸ್ ನಗರದ ಗಾರೆ ಕೆಲಸದ ಜೋಸೆಫ್ ಆಸ್ಪ್‌ಡಿನ್ ತನ್ನ ಹೊಸ ಸಿಮೆಂಟಿಗೆ ಪೇಟೆಂಟ್ ಪಡೆದ. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡ್ ಕಲ್ಲಿನ ಹಾಗೆ ಕಾಣ್ತದೆ ಅಂತ ಆ ಹೆಸರನ್ನೇ ಇಟ್ಟ. ‘ಸಿಮೆಂಟ್’ ಪದದ ಲ್ಯಾಟಿನ್ ಮೂಲಕ್ಕೂ ಅರ್ಥ ಗಣಿಯಿಂದ ಒಡೆದ ಕಲ್ಲಿನ ಚೂರು ಅಂತ.

ಇಂಗ್ಲಿಷ್ ಹೊಸ ಪದ ಮಾಡಿಕೊಳ್ಳೋ ಹಳೆಯ ದಾರಿ ಇದು: ಊರಿನ ಹೆಸರನ್ನೇ ಸರಕಿಗೆ ಇಡೋದು. ಕಲ್ಲಿಕೋಟೆಯ ಬಟ್ಟೆ ‘ಕ್ಯಾಲಿಕೊ’ ಆಯ್ತು, ಮುಂಬೈನ ಡೋಂಗ್ರಿಯ ಒರಟು ಬಟ್ಟೆ ‘ಡಂಗರಿ’ ಆಯ್ತು. ಇನ್ನೊಂದು ದಾರಿ ಮೊದಲಕ್ಷರ ಜೋಡಿಸೋದು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ‘ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್’ ಆದವು. ಅಷ್ಟುದ್ದ ಯಾರು ಹೇಳ್ತಾರ? ಜನರ ಬಾಯಲ್ಲಿ ‘ಎಸಿಸಿ’ ಅಷ್ಟೇ.

ಈಗ ನಮ್ಮ ಊರಿಗೆ ಬರೋಣ. ಮುಂಬೈನಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ಶಹಾಬಾದ್, ವಾಡಿ ಆ ಹಳಿ ಮೇಲಿದ್ದವು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದ್‌ಗೆ ಹೋಯ್ತು. ನಾವು ಫರ್ಸಿ ಅಂತ ಕರೆಯೋ ಚಪ್ಪಡಿ ಮಾರುಕಟ್ಟೆಯಲ್ಲಿ ‘ಶಹಾಬಾದ್ ಸ್ಟೋನ್’ ಆಯ್ತು. ಚಿತ್ತಾಪುರದ ಕ್ವಾರಿಯ ಕಲ್ಲೂ ಅದೇ ಹೆಸರಲ್ಲಿ ಮಾರಾಟ ಆಗ್ತದ. ಚಿಂಚೋಳಿ ಗಡಿಯಾಚೆಗೆ ಹೋದರೆ ‘ತಾಂಡೂರು ಕಲ್ಲು’. ನನ್ನ ಲೆಕ್ಕದಲ್ಲಿ ಕಲ್ಲಿಗೆ ಹೆಸರು ಕೊಟ್ಟಿದ್ದು ಬರೀ ಕ್ವಾರಿ ಅಲ್ಲ, ಗಾಡಿ ಹತ್ತಿಸಿದ ಸ್ಟೇಷನ್ನೂ ಹೌದು.

ಭೂವಿಜ್ಞಾನಿಗಳ ಇಂಗ್ಲಿಷ್‌ನಲ್ಲಂತೂ ನಮ್ಮೂರುಗಳು ಆಗಲೇ ಪದಗಳು. ಭೀಮಾ ಕಣಿವೆಯ ಶಿಲಾಪದರಗಳಲ್ಲಿ ‘ಶಹಾಬಾದ್ ಫಾರ್ಮೇಷನ್’ ಇದೆ, ‘ಸೇಡಂ ಸಬ್‌ಗ್ರೂಪ್’ ಇದೆ. ಇಂಗ್ಲೆಂಡಿನ ಡೆವನ್ ‘ಡೆವೋನಿಯನ್’ ಆದದ್ದೂ ಹೀಗೇ.

‘ಶಹಾಬಾದ್ ಸ್ಟೋನ್’ ಪದವನ್ನೇ ಒಡೆದು ನೋಡಿ: ಮೊದಲ ಅರ್ಧ ಫಾರಸಿ, ಉಳಿದರ್ಧ ಇಂಗ್ಲಿಷ್. ಇಂಥ ಜೋಡಣೆಯ ಜಗಳ ನಮಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. 9ನೇ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಸಂಸ್ಕೃತ, ಕನ್ನಡ ಪದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡಬೇಡಿ, ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಬಿದ್ದಂಗ ಆಗ್ತದ ಅನ್ನೋ ಅರ್ಥದ ಎಚ್ಚರಿಕೆ ಕೊಟ್ಟಿತ್ತು. ಈಗ ಅದೇ ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ವ್ಯಾಪಾರ ಮಾತ್ರ ವ್ಯಾಕರಣದ ಅನುಮತಿ ಕೇಳೋದಿಲ್ಲ.

ನಾನು ಕಾಮರ್ಸ್ ಓದಿದವನು. ನಮ್ಮ ಪುಸ್ತಕದಲ್ಲಿ ಹೆಸರಿಗೂ ಬೆಲೆ ಇದೆ, ಅದಕ್ಕೆ ‘ಗುಡ್‌ವಿಲ್’ ಅಂತಾರೆ. ಆದರೆ ಊರಿನ ಹೆಸರು ಸರಕಿನ ಹೆಸರಾದಾಗ ಆ ಗುಡ್‌ವಿಲ್ ಯಾರ ಖಾತೆಗೆ ಜಮೆ ಆಗಬೇಕು? ಬಿಸಿಲಲ್ಲಿ ಉಳಿ ಹಿಡಿದು ಪದರ ಪದರ ಬಿಡಿಸಿದವರ ಹೆಸರು ಯಾವ ಬಿಲ್ಲಿನಲ್ಲೂ ಇರೋದಿಲ್ಲ. ಪೋರ್ಟ್‌ಲ್ಯಾಂಡ್ ನಿಘಂಟು ಸೇರಿದ್ದು ಅದರ ಕಲ್ಲು ನಮ್ಮದಕ್ಕಿಂತ ಮೇಲು ಅಂತಲ್ಲ; ಆ ಸಿಮೆಂಟ್ ಮಾರಿದವರ ಭಾಷೆ ದೂರ ಹೋಯ್ತು, ಅದಕ್ಕೆ. ಮುಂದಿನ ಸಲ ಯಾರಾದರೂ ‘ಶಹಾಬಾದ್ ಹಾಕ್ಸೀನಿ’ ಅಂದ್ರೆ, ಅವರು ಒಂದು ಊರನ್ನ ಪದ ಮಾಡಿ ಮಾತಾಡ್ಲಿಕತ್ತಾರ ಅಂತ ತಿಳ್ಕೊಳ್ರಿ.