ಟಿಪ್ಪು ಸುಲ್ತಾನನ ಬೆಳ್ಳಿ ನಾಣ್ಯಗಳು: ಕಾಲನಿರ್ಣಯ ಮತ್ತು ಮೌಲ್ಯನಿರ್ಣಯ

ಮೈಸೂರು ಸೀಮೆಯ ದೈನಂದಿನ ವ್ಯವಹಾರವು ಬಹುಕಾಲ ಚಿನ್ನದ ವರಹ, ಹಣ ಮತ್ತು ತಾಮ್ರದ ಕಾಸುಗಳನ್ನೇ ಅವಲಂಬಿಸಿತ್ತು. ಹೈದರ್ ಅಲಿಯ ಟಂಕಸಾಲೆಗಳೂ ಈ ರೂಢಿಯನ್ನು ಮೀರಲಿಲ್ಲ. ಅವನ ನಾಣ್ಯಗಳು ಚಿನ್ನ ಮತ್ತು ತಾಮ್ರದವು. 1782ರ ಡಿಸೆಂಬರಿನಲ್ಲಿ ತಂದೆಯ ಮರಣಾನಂತರ ಅಧಿಕಾರ ವಹಿಸಿಕೊಂಡ ಟಿಪ್ಪು ಸುಲ್ತಾನನು ಇವೆರಡು ಲೋಹಗಳ ಜೊತೆಗೆ ಬೆಳ್ಳಿಯನ್ನೂ ತಂದು, ಎರಡು ರೂಪಾಯಿಯಿಂದ ರೂಪಾಯಿಯ ಮೂವತ್ತೆರಡನೆಯ ಒಂದಂಶದವರೆಗೆ ಏಳು ಮುಖಬೆಲೆಗಳ ಶ್ರೇಣಿಯನ್ನು ರೂಪಿಸಿದನು. ಜಿ. ಪಿ. ಟೇಲರ್ ಅವರ 1914ರ ಅಧ್ಯಯನ ಮತ್ತು ಜೆ. ಆರ್. ಹೆಂಡರ್ಸನ್ ಅವರ 1921ರ ಗ್ರಂಥ ಈ ಶ್ರೇಣಿಯ ಅಭ್ಯಾಸಕ್ಕೆ ತಳಹದಿ ಹಾಕಿದವು. ಆದರೂ ಕನ್ನಡ ನಾಡಿನ ನಾಣ್ಯಗಳಲ್ಲಿ ಇವುಗಳಷ್ಟು ಸುಲಭವಾಗಿ ತಪ್ಪು ಓದಿಗೆ ಎಡೆಕೊಡುವ ನಾಣ್ಯಗಳು ವಿರಳವೆನ್ನಬೇಕು.

ನಾಣ್ಯವೊಂದು ಕೈಗೆ ಬಂದೊಡನೆ ಸಂಗ್ರಾಹಕನು ಹುಡುಕುವುದು ಅರಸನ ಹೆಸರನ್ನು. ಟಿಪ್ಪುವಿನ ನಾಣ್ಯಗಳಲ್ಲಿ ಅದು ಇಲ್ಲ. ಅಂದಿನ ಭಾರತದ ಬಹುತೇಕ ಸಂಸ್ಥಾನಗಳು ದೆಹಲಿಯ ಮೊಗಲ್ ಬಾದಶಹನ ಹೆಸರಿನಲ್ಲೇ ರೂಪಾಯಿಗಳನ್ನು ಟಂಕಿಸುತ್ತಿದ್ದವು. ಟಿಪ್ಪು ಆ ಹೆಸರನ್ನೂ ಬಿಟ್ಟನು. ಎರಡು ರೂಪಾಯಿಯ ನಾಣ್ಯದ ಒಂದು ಮುಖದಲ್ಲಿ ಪ್ರವಾದಿಯವರ ಧರ್ಮವನ್ನೂ ಹೈದರನ ವಿಜಯವನ್ನೂ ಸ್ಮರಿಸುವ ಪಾರಸಿ ಒಕ್ಕಣೆಯಿದೆ. ಇನ್ನೊಂದು ಮುಖದಲ್ಲಿ ಏಕೈಕನೂ ನ್ಯಾಯವಂತನೂ ಆದ ಸುಲ್ತಾನನ ಉಲ್ಲೇಖವಿದೆ. ಆದುದರಿಂದ ಗುರುತಿಸುವಿಕೆಯು ಒಕ್ಕಣೆ, ಟಂಕಸಾಲೆ ಮತ್ತು ವರ್ಷ ಈ ಮೂರರ ಮೇಲೆ ನಿಲ್ಲುತ್ತದೆ. ಇವುಗಳಲ್ಲಿ ವರ್ಷವೇ ಅತ್ಯಂತ ತೊಡಕಿನದು.

ಆಳ್ವಿಕೆಯ ಆರಂಭದ ವರ್ಷಗಳಲ್ಲಿ ನಾಣ್ಯಗಳ ಮೇಲೆ ಹಿಜರಿ ವರ್ಷವಿದ್ದು, ಅಂಕೆಗಳು ವಾಡಿಕೆಯಂತೆ ಎಡದಿಂದ ಬಲಕ್ಕೆ ಸಾಗುತ್ತವೆ. 1787ರಲ್ಲಿ, ಹಿಜರಿ 1201 ನಡೆಯುತ್ತಿರುವಾಗಲೇ, ಮೌಲೂದಿ ಎಂಬ ಹೊಸ ಶಕೆಯ 1215 ಕಾಣಿಸಿಕೊಳ್ಳುತ್ತದೆ. ಪ್ರವಾದಿಯವರ ಜನನದಿಂದ ಎಣಿಸಿದುದೆಂದು ಸಾಮಾನ್ಯವಾಗಿ ತಿಳಿಯಲಾದ ಈ ಶಕೆಯು ಶುದ್ಧ ಚಾಂದ್ರಮಾನದ್ದಲ್ಲ. ನಮ್ಮ ಪಂಚಾಂಗದಂತೆ ಋತುಗಳೊಡನೆ ಹೊಂದಿಕೊಂಡು ನಡೆಯುವಂಥದು. ಜೊತೆಗೆ ಅಂಕೆಗಳ ದಿಕ್ಕೂ ಬದಲಾಯಿತು. ಪಾರಸಿ ಲಿಪಿಯಂತೆ ಅವು ಬಲದಿಂದ ಎಡಕ್ಕೆ ತಿರುಗಿದವು. ಹೀಗಾಗಿ 1218 ಎಂಬುದು ವಾಡಿಕೆಯ ಓದಿಗೆ 8121 ಎಂದು ತೋರುತ್ತದೆ. 1221ನೆಯ ವರ್ಷದ ನಾಣ್ಯವೊಂದೇ ಯಾವ ಕಡೆಯಿಂದ ಓದಿದರೂ ಒಂದೇ ಆಗಿರುತ್ತದೆ!

ಅಂಕೆಗಳನ್ನು ಸರಿಯಾಗಿ ಓದಿದ ಮೇಲೂ ಅಪಾಯ ತಪ್ಪುವುದಿಲ್ಲ. ಮೌಲೂದಿ 1215ನ್ನು ಹಿಜರಿ 1215 ಎಂದು ಭಾವಿಸಿದರೆ ನಾಣ್ಯವು ಕ್ರಿ.ಶ. 1800ಕ್ಕೆ ಜಾರುತ್ತದೆ, ಅಂದರೆ 1799ರ ಮೇ 4ರಂದು ಮಡಿದ ಸುಲ್ತಾನನ ನಾಣ್ಯವು ಅವನ ಮರಣಾನಂತರದ್ದಾಗಿಬಿಡುತ್ತದೆ. ಅದೇ ಹಿಜರಿ ವರ್ಷಗಳಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಬೆಳ್ಳಿ ರೂಪಾಯಿಗಳು ಸೇರುತ್ತವೆ. ಅವುಗಳ ಮೇಲೆ ಷಾ ಆಲಂ ಬಾದಶಹನ ಹೆಸರು ಮರಳಿ ಬಂದಿದೆ. ಒಂದು ಶಕೆಯ ತಪ್ಪು ಗ್ರಹಿಕೆಯು ಎರಡು ಭಿನ್ನ ರಾಜ್ಯವ್ಯವಸ್ಥೆಗಳನ್ನೇ ಬೆರೆಸಿಬಿಡಬಲ್ಲುದು.

ಅಂಕೆ ಸವೆದಿರುವಾಗ ನೆರವಿಗೆ ಬರುವುದು ವರ್ಷದ ಹೆಸರು. ಇಲ್ಲಿ ಟಿಪ್ಪು ಅನುಸರಿಸಿದ್ದು ನಾಡಿನ ಅರವತ್ತು ಸಂವತ್ಸರಗಳ ಚಕ್ರವನ್ನೇ. ಹಿಜರಿ 1198ರ ನಾಣ್ಯಗಳಲ್ಲಿರುವ ‘ಅಜಲ್’ ಎಂಬ ಹೆಸರಿನ ಅಕ್ಷರಗಳಿಗೆ ಅಬ್ಜದ್ ಪದ್ಧತಿಯಂತೆ ಕ್ರಮವಾಗಿ 1, 7 ಮತ್ತು 30ರ ಬೆಲೆಯಿದ್ದು, ಮೊತ್ತ 38 ಆಗುತ್ತದೆ. ಪ್ರಭವದಿಂದ ಎಣಿಸಿದರೆ 38ನೆಯದು ಕ್ರೋಧಿ, ಅಂದರೆ 1784ರ ಯುಗಾದಿಗೆ ಆರಂಭವಾದ ಸಂವತ್ಸರ. ಮೌಲೂದಿ ಶಕೆಯೊಡನೆ ಅಕ್ಷರಗಳಿಗೆ ಬೆಲೆ ಕಟ್ಟುವ ಕ್ರಮವೂ ಬದಲಾದುದರಿಂದ ಹಳೆಯ ಕೋಷ್ಟಕವನ್ನು ನಂತರದ ನಾಣ್ಯಗಳಿಗೆ ಅನ್ವಯಿಸಬಾರದು. ಪಾರಸಿ ಬಲ್ಲ ವಿದ್ವಾಂಸನಿಗೂ ಇಲ್ಲಿ ಪಂಚಾಂಗ ಬೇಕಾಗುತ್ತದೆ.

ಮುಖಬೆಲೆಗಳ ಹೆಸರುಗಳು ಧಾರ್ಮಿಕ ಮೂಲದವು. ಎರಡು ರೂಪಾಯಿ ಹೈದರಿ, ರೂಪಾಯಿ ಇಮಾಮಿ. ಅಲ್ಲಿಂದ ಅರ್ಧರ್ಧ ಇಳಿಯುತ್ತ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ ಮತ್ತು ಖಿಜ್ರಿ. ಬೆಳ್ಳಿಯ ಬಹುಪಾಲು ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯದು. ಧಾರವಾಡಕ್ಕೆ ಖುರ್ಷಿದ್ ಸವಾದ್, ಗುತ್ತಿಗೆ ಫೈಜ್ ಹಿಸಾರ್ ಮೊದಲಾಗಿ ಟಿಪ್ಪು ಇಟ್ಟ ಹೊಸ ಹೆಸರುಗಳು ತಾಮ್ರದ ನಾಣ್ಯಗಳಲ್ಲಿ ಹೆಚ್ಚು ಉಪಯುಕ್ತವಾಗುತ್ತವೆ.

ಇನ್ನು ಬೆಲೆಯ ವಿಚಾರ. ಇಮಾಮಿಯ ತೂಕ ಸುಮಾರು 11.4 ಗ್ರಾಂ, ಹೈದರಿಯದು ಅದರ ಇಮ್ಮಡಿ. ಈ ಲೆಕ್ಕದಂತೆ ಖಿಜ್ರಿಯು ಒಂದು ಗ್ರಾಮಿನ ಮೂರನೆಯ ಒಂದು ಭಾಗವನ್ನು ತುಸು ಮಾತ್ರ ಮೀರುತ್ತದೆ. ಬೆಳ್ಳಿಯ ದರದಲ್ಲಿ ಅದಕ್ಕೆ ಬೆಲೆಯೇ ಇಲ್ಲವೆನ್ನಬಹುದು; ಆದರೆ ಅಷ್ಟು ಪುಟ್ಟ ನಾಣ್ಯವು ಒಕ್ಕಣೆ ಅಳಿಯದೆ ಉಳಿದುಬಂದಿದ್ದರೆ ಅದು ಲೋಹದ ತಕ್ಕಡಿಗೆ ಸಿಗುವ ವಸ್ತುವಲ್ಲ. ದೊಡ್ಡ ಹೈದರಿಗೆ ಬೇಡಿಕೆ ಹೆಚ್ಚಾದಷ್ಟೂ ನಕಲಿನ ಆಮಿಷವೂ ಹೆಚ್ಚು. ಅಚ್ಚಿನಲ್ಲಿ ಎರಕ ಹೊಯ್ದ ನಕಲುಗಳಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಕ್ಷ್ಮ ರಂಧ್ರಗಳು, ಮೊಂಡಾದ ಅಕ್ಷರಗಳು ಮತ್ತು ಹೊಂದದ ತೂಕ ಕಂಡುಬರುತ್ತವೆ. ಅಸಲಿ ನಾಣ್ಯವು ಸುತ್ತಿಗೆಯ ಪೆಟ್ಟಿಗೆ ರೂಪುಗೊಂಡುದಾದ್ದರಿಂದ ಅದರ ಅಕ್ಷರಗಳ ಅಂಚು ಚೂಪಾಗಿರುತ್ತದೆ.

ಚಿನಿವಾರರು ಲೋಹಪರೀಕ್ಷೆಗಾಗಿ ಒತ್ತಿದ ಮುದ್ರೆಗಳ ವಿಷಯದಲ್ಲಿ ಮಾರುಕಟ್ಟೆ ಮತ್ತು ಇತಿಹಾಸಕಾರ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತಾರೆ. ಮಾರುಕಟ್ಟೆಗೆ ಅದು ಗಾಯ, ಬೆಲೆಯನ್ನು ತಗ್ಗಿಸುವಂಥದು. ಇತಿಹಾಸಕಾರನಿಗೆ ಅದು ಆ ರೂಪಾಯಿಯು ಪೇಟೆಯಲ್ಲಿ ಕೈಯಿಂದ ಕೈಗೆ ದಾಟಿ, ಒಬ್ಬ ಚಿನಿವಾರನ ಒರೆಗೆ ಸಂದುದರ ದಾಖಲೆ. ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪೇರಿಸುವ ಅಭ್ಯಾಸವಾದರೋ ಇಬ್ಬರಿಗೂ ನಷ್ಟವನ್ನೇ ತರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಸಂಭವಿಸುವುದು ನಿಧಿಗಳು ಒಡೆದು ಹಂಚಿಹೋದಾಗ. ಒಂದೇ ಮಡಕೆಯಲ್ಲಿ ಟಿಪ್ಪುವಿನ ಇಮಾಮಿ, ನೆರೆನಾಡಿನ ರೂಪಾಯಿ ಮತ್ತು ಕಂಠೀರಾಯ ಹಣಗಳು ಒಟ್ಟಿಗೆ ದೊರೆತರೆ, ಹೊಸ ಬೆಳ್ಳಿಯು ಹಳೆಯ ಚಿನ್ನದ ನಡುವೆ ಹೇಗೆ ಚಲಾವಣೆಗೊಂಡಿತೆಂಬುದಕ್ಕೆ ನೇರ ಸಾಕ್ಷ್ಯ ಸಿಗುತ್ತದೆ. ಬಿಡಿಬಿಡಿಯಾಗಿ ಮಾರಿದಾಗ ಪ್ರತಿಯೊಂದಕ್ಕೂ ಬೆಲೆ ಬಂದೀತು, ಸಾಕ್ಷ್ಯ ಉಳಿಯದು. 1878ರ ನಿಧಿ ಶಾಸನವು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯಗಳು ಪುರಾತನ ವಸ್ತುಗಳೆನಿಸಿ, ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದು ನಿಷಿದ್ಧವಾಯಿತು. ದೊರೆತ ಊರು, ಸರ್ವೆ ನಂಬರು, ಮಡಕೆಯ ಸ್ವರೂಪ ಮತ್ತು ಜೊತೆಯಲ್ಲಿದ್ದ ಇತರ ನಾಣ್ಯಗಳ ವಿವರವನ್ನು ತೂಕದೊಂದಿಗೆ ಬರೆದಿಟ್ಟ ವಸ್ತುಸಂಗ್ರಹಾಲಯದ ದಾಖಲೆ ಪುಸ್ತಕವು, ಈ ದೃಷ್ಟಿಯಿಂದ, ಅಲ್ಲಿನ ಯಾವುದೇ ಬಿಡಿ ಹೈದರಿಗಿಂತ ಹೆಚ್ಚು ಬೆಲೆಯುಳ್ಳದ್ದು.